ಕಲ್ಲುಗಣಿಯ ಪಾದ್ರಿ

"ಗುರುಗಳೇ, ಕರ್ತನ ಮೊದಲ ಶಿಷ್ಯರು ರೋಗಿಗಳ ಮೇಲೆ ಕೈಯಿಟ್ಟರು, ರೋಗಿಗಳು ಎದ್ದು ನಡೆದರು. ನಂಬಿದವರಿಗೆಲ್ಲ ಆ ಬಲ ಬರುತ್ತದೆ ಎಂದು ನಾವೇ ಬೋಧಿಸುತ್ತೇವೆ. ಹಾಗಿದ್ದರೆ ಇಂದು ನಮ್ಮ ಕೈಗಳಿಂದ ಏನೂ ಆಗುವುದಿಲ್ಲವಲ್ಲ, ಯಾಕೆ?"

ಕೇಳಿದವನು ಜೀವರತ್ನ. ಅವನು ಒಂದು ಸಣ್ಣ ಕ್ರೈಸ್ತ ಸಭೆಯ ಪಾಲಕನಾಗಿ ಹೆಚ್ಚು ಕಾಲವಾಗಿರಲಿಲ್ಲ. ಸಭೆಯ ಹಿರಿಯರೊಬ್ಬರು ಕಾಯಿಲೆ ಬಿದ್ದಾಗ ಉಪವಾಸವಿದ್ದು ಪ್ರಾರ್ಥಿಸಿದ್ದ. ಅವರು ತೀರಿಕೊಂಡರು. ಆಮೇಲೆ ಕೆಲವು ಕುಟುಂಬಗಳು ಪಕ್ಕದ ಊರಿನ ಸ್ವಸ್ಥತೆಯ ಕೂಟಗಳಿಗೆ ಹೋಗತೊಡಗಿದ್ದವು. ಅಲ್ಲಿ ಕುಂಟರು ನಡೆಯುತ್ತಾರೆ, ಇಲ್ಲಿ ಬರೀ ಉಪದೇಶ ಎಂದು ಆಡಿಕೊಳ್ಳುವುದು ಅವನ ಕಿವಿಗೂ ಬಿದ್ದಿತ್ತು. ಮನಸ್ಸು ತಡೆಯದೆ, ತನಗೆ ಸತ್ಯವೇದದ ಪಾಠ ಹೇಳಿದ ಹಿರಿಯ ಗುರುವಿನ ಬಳಿಗೆ ಬಂದಿದ್ದ.

ಗುರು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಕಲ್ಲುಗಣಿ ಇತ್ತು. ಊರವರೆಲ್ಲ ಅಲ್ಲೇ ದುಡಿಯುವವರು. ಗಂಡಸರು ಬಂಡೆ ಸೀಳುತ್ತಿದ್ದರು, ಹೆಂಗಸರು ಜಲ್ಲಿ ಒಡೆಯುತ್ತಿದ್ದರು. ಅವರಿಗೊಂದು ಸಣ್ಣ ಚರ್ಚು, ಆ ಚರ್ಚಿಗೆ ಒಬ್ಬ ಪಾದ್ರಿ. ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಕಷ್ಟವಾದರೂ ಕರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದ.

ಒಂದು ದಿನ ಗಣಿಯಲ್ಲಿ ಬಂಡೆ ಜಾರಿ ಒಬ್ಬ ಕೂಲಿಯ ಮೇಲೆ ಬಿತ್ತು. ಜನ ಸೇರಿ ಬಂಡೆ ಸರಿಸಿ, ಅವನನ್ನು ಹೊತ್ತು ತಂದು ನೆರಳಿನಲ್ಲಿ ಮಲಗಿಸಿದರು. ಮೂಗಿನ ಹತ್ತಿರ ಕೈ ಹಿಡಿದು ನೋಡಿದವರು ಉಸಿರಿಲ್ಲ ಎಂದರು. ಪಾದ್ರಿ ಓಡಿ ಬಂದ. ಕೂಲಿಯ ಹೆಂಡತಿಯ ಮುಖ ನೋಡಿದ. ಕೂಲಿಯ ಎದೆಯ ಮೇಲೆ ಕೈಯಿಟ್ಟು ಅತ್ತುಬಿಟ್ಟ. ದೇವರೇ ಎಂಬ ಒಂದು ಮಾತು ಬಿಟ್ಟರೆ ಬೇರೇನೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಕೂಲಿ ಕಣ್ಣು ಬಿಟ್ಟು ನೀರು ಕೇಳಿದ.

ಇದನ್ನು ಗಣಿಯವರೆಲ್ಲ ಕಣ್ಣಾರೆ ಕಂಡರು. ಅದು ಹೇಗಾಯಿತೆಂದು ಪಾದ್ರಿಗೂ ತಿಳಿಯದು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಜನ ಬಿಡಲಿಲ್ಲ. ಜ್ವರದವರು ಬಂದರು, ಬೆನ್ನುನೋವಿನವರು ಬಂದರು, ಗಣಿಯ ದೂಳು ಕುಡಿದು ಕೆಮ್ಮುವವರು ಬಂದರು. ಪಾದ್ರಿ ಮೊದಮೊದಲು ಸಂಕೋಚಪಟ್ಟ. ಆಮೇಲೆ ಕೈಯಿಡತೊಡಗಿದ. ಕೆಲವರಿಗೆ ಗುಣವಾಯಿತು, ಹಲವರಿಗೆ ಆಗಲಿಲ್ಲ. ಗುಣವಾದವರು ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದರು. ಗುಣವಾಗದವರು ಸುಮ್ಮನೆ ಮನೆಗೆ ಹೋದರು. ಹಾಗೆ ಹೋದವರಲ್ಲಿ ಯಾರಾದರೂ ತಿರುಗಿ ಬಂದು ಯಾಕೆ ಹೀಗಾಯಿತು ಎಂದು ಕೇಳಿದರೆ, ನಿಮ್ಮ ನಂಬಿಕೆ ಸಾಲದು ಎಂದು ಪಾದ್ರಿ ಮೆತ್ತಗೆ ಹೇಳುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದೇ ತಿಳಿದಿದ್ದ. ಅಷ್ಟು ಹೇಳಿದರೆ ಕೇಳಿದವರು ತಲೆ ತಗ್ಗಿಸುತ್ತಿದ್ದರು. ಪಾದ್ರಿಗೂ ಮುಂದೆ ಯೋಚಿಸುವ ಅಗತ್ಯ ಬೀಳುತ್ತಿರಲಿಲ್ಲ.

ಆ ಊರಿನಲ್ಲಿ ಜಲ್ಲಿ ಒಡೆಯುವ ಒಬ್ಬ ವಿಧವೆ ಇದ್ದಳು. ಅವಳಿಗೆ ಒಬ್ಬಳೇ ಮಗಳು, ದೀನಮ್ಮ. ಹುಡುಗಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ನಿಂತಲ್ಲೇ ಬೀಳುತ್ತಿದ್ದಳು, ಕೈಕಾಲು ಸೆಟೆಯುತ್ತಿತ್ತು. ತಾಯಿ ಮಗಳನ್ನು ದೂರದ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದಳು. ಡಾಕ್ಟರು ಮಾತ್ರೆ ಕೊಟ್ಟು, ಒಂದು ದಿನವೂ ತಪ್ಪಿಸಬೇಡ ಎಂದಿದ್ದರು. ಅವಳು ತಪ್ಪಿಸಲಿಲ್ಲ. ಹುಡುಗಿ ಬೀಳುವುದು ನಿಂತಿತು. ಉಳಿದ ಮಕ್ಕಳಂತೆ ಶಾಲೆಗೆ ಹೋಗತೊಡಗಿದಳು. ಚರ್ಚಿನಲ್ಲಿ ಎಲ್ಲರಿಗಿಂತ ಮುಂದೆ ಕುಳಿತು ಹಾಡುತ್ತಿದ್ದಳು. ಅವಳ ದನಿ ಪಾದ್ರಿಗೆ ಬಹಳ ಇಷ್ಟ.

ಆ ವಿಧವೆ ಪಾದ್ರಿಯನ್ನು ಏನೂ ಕೇಳಿಕೊಂಡಿರಲಿಲ್ಲ. ಪಾದ್ರಿಯೇ ಒಂದು ದಿನ ಆರಾಧನೆ ಮುಗಿದ ಮೇಲೆ ಅವಳನ್ನು ನಿಲ್ಲಿಸಿದ. ಇಷ್ಟು ಜನಕ್ಕೆ ಕೈಯಿಟ್ಟಿದ್ದೇನೆ, ಈ ಮಗುವಿಗೆ ಯಾಕೆ ಇಡಬಾರದು ಎಂದ. ಹುಡುಗಿಯನ್ನು ಮೊಣಕಾಲೂರಿಸಿ, ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದ. ಪ್ರಾರ್ಥಿಸುವಾಗ ಅವನ ಮೈ ಬೆಚ್ಚಗಾಯಿತು. ಅದನ್ನೇ ಅವನು ಗುರುತು ಎಂದುಕೊಂಡ. ಎದ್ದು ನಿಂತು, ದೇವರು ನಿನ್ನ ಮಗಳನ್ನು ಮುಟ್ಟಿದ್ದಾನೆ ಎಂದ.

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋಗುವ ಮೊದಲು ಒಂದು ಮಾತು ಕೇಳಿದಳು.

"ಹಾಗಾದರೆ ಮಾತ್ರೆ ನಿಲ್ಲಿಸಲೇ, ಅಯ್ಯನವರೇ?"

ನಿಲ್ಲಿಸಬೇಡ ಎಂದರೆ ಈಗ ಹೇಳಿದ್ದೆಲ್ಲ ಬರಿದಾಗುತ್ತದೆ ಎಂದು ಪಾದ್ರಿಗೆ ಅನ್ನಿಸಿತು.

"ಗುಣವಾದವರಿಗೆ ಮಾತ್ರೆ ಯಾಕಮ್ಮ?" ಎಂದ.

ಅವಳು ಅಂದಿನಿಂದ ಮಾತ್ರೆ ಕೊಡಲಿಲ್ಲ. ಕೆಲವು ವಾರ ಏನೂ ಆಗಲಿಲ್ಲ. ಬೆಳೆಹಬ್ಬದ ಆರಾಧನೆಯ ದಿನ ಪಾದ್ರಿ ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಿದ. ಈ ಮಗು ಬೀಳುತ್ತಿದ್ದದ್ದನ್ನು ನೀವೆಲ್ಲ ಕಂಡಿದ್ದೀರಿ, ಈಗ ನೋಡಿ ಎಂದ. ಹುಡುಗಿ ಹಾಡಿದಳು. ಜನ ಚಪ್ಪಾಳೆ ತಟ್ಟಿದರು. ಹೊರಗಿನ ಊರುಗಳಿಂದಲೂ ಜನ ಬಂದಿದ್ದರು. ಪಾದ್ರಿ ಅಂದಿನಷ್ಟು ಸಂತೋಷವನ್ನು ಹಿಂದೆಂದೂ ಕಂಡಿರಲಿಲ್ಲ.

ಬಿಸಿಲು ಏರುವ ಕಾಲ ಬಂತು. ಗಣಿಯ ಹಳೆಯ ಗುಂಡಿಯಲ್ಲಿ ನೀರು ಮೊಣಕಾಲುದ್ದಕ್ಕೆ ಇಳಿದಿತ್ತು. ಒಂದು ಬೆಳಗ್ಗೆ ಹುಡುಗಿ ತನ್ನ ಲಂಗ ಒಗೆದುಕೊಂಡು ಬರುತ್ತೇನೆಂದು ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದವರಿಗೆ ಅವಳು ನೀರಿನಲ್ಲಿ ಬೋರಲಾಗಿ ಬಿದ್ದಿದ್ದು ಕಂಡಿತು. ಈಜು ಬಾರದ ಮಗುವೂ ಎದ್ದು ನಿಲ್ಲಬಹುದಾದಷ್ಟೇ ನೀರು. ಹೇಗೆ ಬಿದ್ದಳೆಂದು ಯಾರೂ ಹೇಳಬೇಕಾಗಿರಲಿಲ್ಲ.

ಮಗುವನ್ನು ಮನೆಗೆ ತಂದು ಮಲಗಿಸಿದರು. ಸುದ್ದಿ ತಿಳಿದು ಪಾದ್ರಿ ಅಲ್ಲಿಗೆ ಬಂದ. ವಿಧವೆ ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದ. ಅವಳು ಅಳುತ್ತಲೂ ಇರಲಿಲ್ಲ. ಅವನನ್ನು ಕಂಡು ಎದ್ದು ನಿಂತಳು.

"ನೀವು ಬಂದಿರಲ್ಲ, ಇನ್ನು ನನಗೆ ಭಯವಿಲ್ಲ" ಎಂದಳು.

ಅವಳು ಕೂಲಿಯ ಕಣ್ಣು ತೆರೆಸಿದ ಕೈಯನ್ನು ನೋಡುತ್ತಿದ್ದಳು. ಪಾದ್ರಿಗೆ ಅದು ಅರ್ಥವಾಯಿತು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಹೊರಗೆ ಜನ ಸೇರಿ ಹಾಡತೊಡಗಿದರು. ತಾಯಿ ಹೊಸ್ತಿಲ ಬಳಿ ಬಾಗಿಲಿಗೆ ಕಿವಿಗೊಟ್ಟು ಕುಳಿತಳು. ಒಳಗೆ ಪಾದ್ರಿ ಮಗುವಿನ ತಲೆಯ ಮೇಲೆ ಕೈಯಿಟ್ಟು, ಏಳು ಎಂದು ಗಟ್ಟಿಯಾಗಿ ಆಜ್ಞೆ ಮಾಡಿದ. ತಲೆ ತಣ್ಣಗಿತ್ತು. ಆಜ್ಞೆ ಬಿಟ್ಟು ಬೇಡತೊಡಗಿದ. ಮಧ್ಯಾಹ್ನವಾಯಿತು. ನನ್ನ ಜೀವ ತೆಗೆದುಕೊಂಡು ಇವಳಿಗೆ ಕೊಡು ಎಂದ. ಬಿಸಿಲು ಇಳಿಯಿತು. ಹೊರಗೆ ಹಾಡುವವರ ದನಿ ಕಡಿಮೆಯಾಗುತ್ತಾ ಬಂತು. ಕೊನೆಗೆ ಹಾಡು ನಿಂತೇಹೋಯಿತು.

ಆಗ ಪಾದ್ರಿ ತಾನು ಏನನ್ನು ಬೇಡುತ್ತಿದ್ದೇನೆಂದು ತಾನೇ ಕೇಳಿಸಿಕೊಂಡ. ಬೆಳಗಿನಿಂದ ಅವನು ಮಗುವಿಗಾಗಿ ಬೇಡಿರಲಿಲ್ಲ. ತನ್ನ ಮಾತು ಉಳಿಯಲಿ ಎಂದು ಬೇಡಿದ್ದ. ಬಾಗಿಲು ತೆರೆದು ಆ ತಾಯಿಗೆ ಏನು ಹೇಳಲಿ ಎಂದು ಯೋಚಿಸಿದ. ಇಷ್ಟು ಕಾಲ ಎಲ್ಲರಿಗೂ ಹೇಳಿದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ಅವಳು ಮರುಮಾತಿಲ್ಲದೆ ಒಪ್ಪುತ್ತಾಳೆ ಎಂದೂ ಗೊತ್ತಿತ್ತು.

ಅವನು ಏಳುವ ಮೊದಲೇ ಬಾಗಿಲು ತೆರೆಯಿತು. ತಾಯಿ ಒಳಗೆ ಬಂದಳು. ಮಗಳನ್ನು ಬಗ್ಗಿ ನೋಡಿದಳು, ಅವಳ ಪಾದ ಮುಟ್ಟಿದಳು.

"ಸಾಕು ಅಯ್ಯನವರೇ. ಮಗು ಬೆಳಗ್ಗಿನಿಂದ ಒದ್ದೆ ಬಟ್ಟೆಯಲ್ಲೇ ಇದೆ."

ಪಾದ್ರಿ ತಲೆ ಎತ್ತಲಿಲ್ಲ. ಇಡೀ ದಿನ ಅವನು ಆ ಮಗುವಿನ ಪಕ್ಕದಲ್ಲಿದ್ದ. ಬಟ್ಟೆ ಒದ್ದೆಯಾಗಿರುವುದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ತಾಯಿ ಮಗಳ ಕೂದಲು ಸರಿಮಾಡುತ್ತಾ, ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ, "ನನ್ನ ನಂಬಿಕೆಯೇ ಸಾಲದಾಯಿತು" ಎಂದಳು.

ಪಾದ್ರಿ ಬಾಯಿ ಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ಸುಮ್ಮನೆ ಎದ್ದು ಹೋದರೆ ಸಾಕಾಗಿತ್ತು. ಅವಳು ಆ ಮಾತನ್ನು ಹೊತ್ತುಕೊಂಡು ಸಾಯುವ ತನಕ ಬದುಕುತ್ತಿದ್ದಳು. ಊರವರು ಅವನನ್ನು ಹಿಂದಿನಂತೆಯೇ ಗೌರವಿಸುತ್ತಿದ್ದರು.

"ಇಲ್ಲಮ್ಮ" ಎಂದ ಪಾದ್ರಿ. "ನಿನ್ನ ನಂಬಿಕೆಗೆ ಏನೂ ಕಡಿಮೆಯಿರಲಿಲ್ಲ. ನಿನ್ನ ಮಗಳು ಮಾತ್ರೆಯಿಂದ ಬದುಕಿದ್ದಳು. ಅದನ್ನು ಬಿಡಿಸಿದವನು ನಾನು. ಗುಣವಾಗಿದೆ ಎಂದು ದೇವರು ನನಗೆ ಹೇಳಿರಲಿಲ್ಲ. ನಾನೇ ಹೇಳಿದೆ."

ಅವಳ ಕೈ ಮಗಳ ಕೂದಲ ಮೇಲೆ ನಿಂತಿತು. ಅಲ್ಲಿಯವರೆಗೆ ಅವಳಿಗೆ ಪಾದ್ರಿಯ ಮಾತೊಂದು ಆಸರೆಯಾಗಿತ್ತು, ಅದು ತಪ್ಪಿತು. ಬೆಳಗ್ಗಿನಿಂದ ಬಾರದ ಅಳು ಆಗ ಬಂತು. ಅತ್ತು ಮುಗಿಸಿ, ಅವನ ಕಡೆಗೆ ತಿರುಗದೆ, ಹೊರಗೆ ಹೋಗಿ ಎಂದಳು. ಹೆಂಗಸರು ಒಳಗೆ ಬಂದು ಮಗುವಿಗೆ ಸ್ನಾನ ಮಾಡಿಸಿದರು. ಪಾದ್ರಿ ಅಂಗಳದಲ್ಲಿ ನಿಂತು, ತಾಯಿಗೆ ಹೇಳಿದ್ದನ್ನೇ ಸೇರಿದವರೆಲ್ಲರಿಗೂ ಇನ್ನೊಮ್ಮೆ ಹೇಳಿದ.

ಜನಕ್ಕೆ ಅದು ಹಿಡಿಸಲಿಲ್ಲ. ಮಗು ಸತ್ತದ್ದಕ್ಕೆ ಕೆಲವರು ಸಿಟ್ಟಾದರು. ಹೆಚ್ಚಿನವರು ಸಿಟ್ಟಾದದ್ದು ಅವನು ಅದನ್ನು ಒಪ್ಪಿಕೊಂಡದ್ದಕ್ಕೆ. ಅವನ ಕೈಯಿಂದ ತಮಗೆ ಗುಣವಾಗಿದೆ ಎಂದು ಸಾಕ್ಷಿ ಹೇಳಿದ್ದವರು ಮುಖ ಸಣ್ಣ ಮಾಡಿಕೊಂಡರು. ಹೊರಗಿನ ಊರಿನವರು ಬರುವುದನ್ನು ಬಿಟ್ಟು ಬೇರೆ ಬೋಧಕನನ್ನು ಹುಡುಕಿಕೊಂಡರು. ಚರ್ಚಿನಲ್ಲಿ ಮೊದಲಿದ್ದ ಕೆಲವೇ ಮನೆಗಳವರು ಉಳಿದರು. ಆ ತಾಯಿ ಚರ್ಚಿನ ಕಡೆ ಬರುವುದನ್ನೇ ಬಿಟ್ಟಳು. ದಾರಿಯಲ್ಲಿ ಪಾದ್ರಿ ಎದುರಾದರೆ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತಿದ್ದಳು. ಅವನು ಕರೆಯಲೂ ಇಲ್ಲ, ಕ್ಷಮೆ ಕೇಳಿ ಅವಳನ್ನು ಕಾಡಲೂ ಇಲ್ಲ.

ಅವನು ಪ್ರಾರ್ಥಿಸುವುದನ್ನು ಬಿಡಲಿಲ್ಲ. ಕಾಯಿಲೆಯವರ ಮನೆಗೆ ಹೋದರೆ ತಲೆಯ ಮೇಲೆ ಕೈಯಿಟ್ಟೇ ಪ್ರಾರ್ಥಿಸುತ್ತಿದ್ದ. ಆದರೆ ಗುಣವಾಯಿತು ಎಂಬ ಮಾತನ್ನು ಮತ್ತೆ ಆಡಲಿಲ್ಲ. ಪ್ರಾರ್ಥನೆ ಮುಗಿಸಿ ಅವರನ್ನು ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ಅವರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದ. ಮಾತ್ರೆ ಯಾವ ಹೊತ್ತಿಗೆ ಎಂದು ಕೇಳಿಕೊಂಡು ಬಂದು ಮನೆಯವರಿಗೆ ತಿಳಿಸುತ್ತಿದ್ದ. ಬದುಕಲಾರದವರ ಹತ್ತಿರ ಕೊನೆಯವರೆಗೂ ಕುಳಿತಿರುತ್ತಿದ್ದ. ಕೆಮ್ಮಿನವರು ಹಾಗೆ ಅನೇಕರು ಹೋದರು. ಹಾಗೆಯೇ ಅವನು ಮುದುಕನಾದ.

ಗುರು ಕತೆ ನಿಲ್ಲಿಸಿದರು. ಜೀವರತ್ನನಿಗೆ ಸಮಾಧಾನವಾಗಲಿಲ್ಲ. ಅವನು ಬಲವನ್ನು ಕೇಳಲು ಬಂದಿದ್ದ, ಗುರು ಒಂದು ಸಾವಿನ ಕತೆ ಹೇಳಿದ್ದರು. ಅವನು ಮತ್ತೆ ಕೇಳಿದ.

"ಹಾಗಾದರೆ ಆ ಪಾದ್ರಿ ಆಮೇಲೆ ಬದುಕಿರುವವರೆಗೂ ಒಂದು ಅದ್ಭುತವನ್ನೂ ಕಾಣಲಿಲ್ಲವೇ ಗುರುಗಳೇ?"

"ಕಂಡ" ಎಂದರು ಗುರು. "ಒಂದು ಭಾನುವಾರ, ಅವನು ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ ಹಂಚುತ್ತಿದ್ದಾಗ, ಆ ತಾಯಿ ಬಂದು ರೊಟ್ಟಿಗಾಗಿ ಅವನ ಮುಂದೆ ಕೈ ಒಡ್ಡಿದಳು."