ಆರಡಿ ಅಂದರೆ ಆರಡಿ

ಕೇಳ್ರಪ್ಪ, ಬಳೆ ಮಾರುವ ಚನ್ನಾಜಮ್ಮನಿಗೆ ಒಬ್ಬನೇ ಮಗ, ಗುರುಬಸ್ಯ. ಮೂವತ್ತು ತುಂಬಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಅದೇ ಅವಳ ಗೋಳು.

ಕೊರೊನಾ ಬಂತು. ಊರೂರು ತಿರುಗಿ ಹೆಂಗಸರ ಕೈ ಹಿಡಿದು ಬಳೆ ತೊಡಿಸುತ್ತಿದ್ದವಳಿಗೆ ಯಾರೂ ಕೈ ನೀಡದಾದರು. ಮನೆಯಲ್ಲಿ ಅಕ್ಕಿ ಮುಗಿಯಿತು.

"ರೇಷನ್ ತಗೊಂಡು ಬಾರಪ್ಪ. ಯಾರೇ ಆಗ್ಲಿ, ಆರಡಿ ದೂರ ನಿಂತ್ಕೋ," ಅಂದಳು.

ಗುರುಬಸ್ಯ ಬರಿಗೈಲಿ ಬಂದ.

"ಅಕ್ಕಿ ಎಲ್ಲೋ?"

"ಅಂಗಡಿಯವನ ಹತ್ರ ಐತೆ. ನಾನು ಆರಡಿ ದೂರ ನಿಂತೆ. ಅವನ ಕೈ ಅಲ್ಲೀಗಂಟ ಬರಲಿಲ್ಲ."

"ಅಯ್ಯೋ ಪೆದ್ದ, ನೆಲದ ಮೇಲೆ ಸುಣ್ಣದಲ್ಲಿ ಗುಂಡಗೆ ಗೆರೆ ಬರ್ದಿರ್ತಾರೆ. ಅದರೊಳಗೆ ನಿಂತ್ಕೋಬೇಕು ಕಣೋ."

ಮಾರನೇ ದಿನ ಗೆರೆಯೊಳಗೆ ನಿಂತ. ಹಿಂದಿದ್ದವರು ಅವನನ್ನು ಬಳಸಿಕೊಂಡು ಮುಂದೆ ಹೋದರು, ಅಕ್ಕಿ ಹೊತ್ತು ಮನೆಗೂ ಹೋದರು. ಅಂಗಡಿ ಮುಚ್ಚಿತು. ಇವನು ನಿಂತೇ ಇದ್ದ. ಸಂಜೆ ಮಳೆ ಬಂದು ಸುಣ್ಣ ತೊಳೆದುಹೋದ ಮೇಲೆ ಮನೆಗೆ ಬಂದ.

"ನಿಂಗೆ ಏನಂತ ಹೇಳ್ಲೋ ಮಗನೆ. ಮುಂದಿರೋರು ಹೋದಂಗೆ ಅವರ ಹಿಂದೆ ಹೋಗ್ಬೇಕು."

ಮೂರನೇ ದಿನ ಅವನ ಮುಂದಿದ್ದವರು ಗಾರೆ ಕೆಲಸದ ತಿಮ್ಮರಾಯಪ್ಪ. ಅವರು ಅಕ್ಕಿ ಹೊತ್ತು ಹೊರಟರು, ಇವನೂ ಹೊರಟ. ಅವರು ಕೆರೆ ಏರಿ ಹತ್ತಿದರು, ಇವನೂ ಹತ್ತಿದ. ಅವರು ಬಚ್ಚಲಿಗೆ ಹೋದರು, ಇವನು ಬಚ್ಚಲ ಬಾಗಿಲಲ್ಲಿ ನಿಂತ. ಅವರ ಹೆಂಡತಿ ನಕ್ಕು ನಕ್ಕು ಸಾಕಾಗಿ, ಎರಡು ಸೇರು ಅಕ್ಕಿ ಕೊಟ್ಟು ಕಳಿಸಿದಳು.

ಆ ವಾರವೇ ಚನ್ನಾಜಮ್ಮನಿಗೆ ಜ್ವರ ಬಂತು. ಪರೀಕ್ಷೆ ಮಾಡಿ ಕೊರೊನಾ ಅಂದರು. ಓಣಿಯವರು ಆ ಕಡೆ ಸುಳಿಯುವುದನ್ನೇ ಬಿಟ್ಟರು. ನೀರಿಗೆ ಹೋಗುವವರೂ ಬೇರೆ ದಾರಿ ಹಿಡಿದರು. ಆಶಾ ಕಾರ್ಯಕರ್ತೆ ರುದ್ರಾಣಿ ಮಾತ್ರೆ ಕೊಟ್ಟು, "ಗುರುಬಸಣ್ಣ, ಮಾಸ್ಕ್ ತೆಗೀಬೇಡ. ಅವ್ವನಿಂದ ಆರಡಿ ದೂರ ಇರು," ಅಂದಳು.

ಗುರುಬಸ್ಯ ಪಡಸಾಲೆಯಲ್ಲಿ ತಾಯಿಯ ಮಂಚದಿಂದ ಆರಡಿ ಅಳೆದು ಚಾಪೆ ಹಾಸಿದ. ಗಂಜಿ ತಟ್ಟೆಯನ್ನು ಕೋಲಿನಿಂದ ತಳ್ಳಿ ಕೊಟ್ಟ. ಅವಳು ಮಗ್ಗುಲಾದರೆ ಚಾಪೆಯನ್ನು ಗೇಣು ಸರಿಸಿದ. ಅವಳು ನರಳಿದರೆ ಎದ್ದು ಕೂತ.

ನಾಲ್ಕನೇ ದಿನ ಚನ್ನಾಜಮ್ಮನ ತಮ್ಮ ರಸ್ತೆಯಿಂದಲೇ ಕೂಗಿದ. "ಲೋ, ನಮ್ಮ ತೋಟದ ಮನೆಗೆ ಬಂದ್ಬಿಡೋ. ಅಕ್ಕ ಹುಷಾರಾದ ಮೇಲೆ ಬರುವಂತೆ."

"ಅದು ಎರಡು ಮೈಲಿ ಆಯ್ತದೆ ಮಾವ. ನಂಗೆ ಹೇಳಿರೋದು ಆರಡಿ."

ಚನ್ನಾಜಮ್ಮ ಗೋಡೆ ಕಡೆ ತಿರುಗಿ ಸೆರಗು ಕಣ್ಣಿಗೊತ್ತಿಕೊಂಡಳು. ಬಂಧುಬಳಗವೆಲ್ಲ ಆರಡಿ ಅಂದರೆ ಅರವತ್ತು, ಆರುನೂರು ಅಂದುಕೊಂಡು ಓಡಿತ್ತು. ಸರಿಯಾಗಿ ಕೇಳಿಸಿಕೊಂಡವನು ಈ ಪೆದ್ದನೊಬ್ಬನೇ.

ಹದಿನೈದು ದಿನಕ್ಕೆ ಎದ್ದು ಓಡಾಡಿದಳು. ವರ್ಷ ಕಳೆದು ರೋಗವೂ ತಣ್ಣಗಾಯಿತು. ಬಳೆ ತರಲು ಮಗನನ್ನು ಪೇಟೆಗೆ ಕಳಿಸಬೇಕಿತ್ತು. ಬಸ್‌ ಸ್ಟ್ಯಾಂಡಿನಲ್ಲಿ ಬುದ್ಧಿ ಹೇಳಿದಳು. "ಇನ್ನು ದೂರ ಕೂರೋದೆಲ್ಲ ಬೇಡ ಕಣಪ್ಪ. ಮೊದಲಿನ ಹಂಗೆ ಯಾರಾದ್ರೂ ಇದ್ರೆ ಪಕ್ಕದಲ್ಲೇ ಒತ್ತಿಕೊಂಡು ಕೂತ್ಕೋ."

ಬಸ್ಸಿನಲ್ಲಿ ಪ್ರಯಾಣಿಕರು ಒಬ್ಬರೂ ಇರಲಿಲ್ಲ. ಗುರುಬಸ್ಯ ಹತ್ತಿದ, ಆಚೆ ಈಚೆ ನೋಡಿದ, ನೆಟ್ಟಗೆ ಮುಂದೆ ಹೋದ.

ಚನ್ನಾಜಮ್ಮ ಕಿಟಕಿಯಲ್ಲಿ ಇಣುಕುವಷ್ಟರಲ್ಲಿ ಅವನು ಡ್ರೈವರನ ಸೀಟಿನಲ್ಲೇ ಅವನನ್ನು ಒತ್ತಿಕೊಂಡು ಅರ್ಧ ಕೂತಾಗಿತ್ತು.

"ಸ್ವಲ್ಪ ಆ ಕಡೆ ಸರಿಯಣ್ಣ," ಅನ್ನುತ್ತಿದ್ದ, "ಅವ್ವ ಹೇಳವ್ಳೆ."