ಮುರಿಯಲು ಬಿಡದ ಕಂಬ

ನದಿ ಬಳಸಿಕೊಂಡು ಹೋಗುವ ದಿಬ್ಬದ ಮೇಲೆ ಒಂದು ಆಶ್ರಮವಿತ್ತು. ಅಲ್ಲಿನ ಗುರುಗಳು ಹಿಂದೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಟ್ಟಡಗಳ ಲೆಕ್ಕ ಕಲಿಸುತ್ತಿದ್ದವರು. ಈಗಲೂ ಯಾರಾದರೂ ಕಲಿಯಲು ಬಂದರೆ ಇಲ್ಲವೆನ್ನುತ್ತಿರಲಿಲ್ಲ. ಬಂದವರು ಬೇಗ ಬೇಸತ್ತು ಹೋಗುತ್ತಿದ್ದರು. ಗುರುಗಳಿಗೆ ಅವರಿಗಿಂತ ಬೇಗ ಬೇಸರವಾಗುತ್ತಿತ್ತು.

ಉಳಿದುಕೊಂಡವನು ಧರಣೇಂದ್ರ ಒಬ್ಬನೇ.

ಆಶ್ರಮದಲ್ಲಿ ಮಕ್ಕಳ ಶಾಲೆ ಇತ್ತು. ಮಕ್ಕಳು ಮಹಡಿಯ ಮೇಲೆ ಮಲಗುತ್ತಿದ್ದರು. ಕೆಳಗೆ ಗೋಡೆಗಳಿಲ್ಲ, ಬರೀ ಕಂಬಗಳು. ಅವುಗಳ ನಡುವೆ ಊಟದ ಪಂಕ್ತಿ.

ರಜೆಗೆ ಮುಂಚೆ ಒಂದು ಮಧ್ಯಾಹ್ನ ನೆಲ ಅಲುಗಿತು. ಏನೂ ಬೀಳಲಿಲ್ಲ. ಒಂದೆರಡು ಕಂಬಗಳ ಗಾರೆ ಸೀಳಿತು, ಅಷ್ಟೇ. ಮಕ್ಕಳು ರಜೆಗೆ ಊರಿಗೆ ಹೋದರು. ಅವರನ್ನು ನೋಡಿಕೊಳ್ಳುವ ಸುಭದ್ರಕ್ಕ ಮಾತ್ರ ಆ ಸೀಳುಗಳನ್ನು ದಿನಾ ನೋಡುತ್ತಿದ್ದರು. ಕೊನೆಗೆ ಗುರುಗಳ ಬಳಿ ಬಂದರು.

"ಇನ್ನೂ ಜೋರಾಗಿ ಅಲುಗಿದರೆ ಈ ಮನೆ ನಿಲ್ಲುತ್ತಾ? ಮಕ್ಕಳು ವಾಪಸು ಬರೋದರೊಳಗೆ ಹೇಳಿಬಿಡಿ."

ಗುರುಗಳು ಧರಣೇಂದ್ರನ ಕಡೆ ತಿರುಗಿದರು. "ನೀನು ಹೇಳು."

ಧರಣೇಂದ್ರ ಕಂಬಗಳನ್ನು ಅಳೆದ. ಒಂದೆರಡರ ಮೇಲುಪದರ ಕೆತ್ತಿ, ಒಳಗಿನ ಕಬ್ಬಿಣ ಎಷ್ಟಿದೆ, ಅದನ್ನು ಬಿಗಿದ ರಿಂಗುಗಳು ಎಷ್ಟು ದೂರಕ್ಕೊಂದು ಇವೆ ಎಂದು ನೋಡಿದ. ಎಲ್ಲವನ್ನೂ ಲ್ಯಾಪ್‌ಟಾಪಿಗೆ ತುಂಬಿದ. ಬೇರೆಲ್ಲೋ ಹಿಂದೆ ಆದ ಭೂಕಂಪದ ದಾಖಲೆಯೊಂದನ್ನು ತಂದು ಲೆಕ್ಕದೊಳಗೇ ಆ ಮನೆಯನ್ನು ಅಲುಗಿಸಿದ.

ಸಂಜೆಗೆ ಉತ್ತರ ಬಂತು.

"ನಿಲ್ಲುತ್ತದೆ, ಗುರುಗಳೇ."

"ಕಂಬಕ್ಕೆ ಏನು ಹೇಳಿಕೊಟ್ಟಿದ್ದೀಯ?"

"ತಳ್ಳಿದಷ್ಟು ಬಾಗು ಅಂತ. ಎರಡರಷ್ಟು ತಳ್ಳಿದರೆ ಎರಡರಷ್ಟು ಬಾಗುತ್ತದೆ."

"ಇಪ್ಪತ್ತರಷ್ಟು ತಳ್ಳಿದರೆ?"

"ಇಪ್ಪತ್ತರಷ್ಟು."

"ಇನ್ನೂರರಷ್ಟು?"

ಧರಣೇಂದ್ರ ತಡವರಿಸಿದ. "ಲೆಕ್ಕದ ಪ್ರಕಾರ ಇನ್ನೂರರಷ್ಟು."

"ರಬ್ಬರಿನ ಮನೆ ಕಟ್ಟುವವರು ಯಾರಾದರೂ ಬಂದರೆ ನಿನ್ನನ್ನು ಕರೆಯುತ್ತೇನೆ. ಈಗ ಹೋಗು."

ಅವನು ಹೋಗಿ ಕಂಬಗಳನ್ನು ಮತ್ತೆ ಬರೆದ. ಈ ಸಲ ಕಂಬ ಒಂದು ಮಿತಿಯವರೆಗೆ ಮಾತ್ರ ಲೆಕ್ಕಕ್ಕೆ ಸರಿಯಾಗಿ ಬಾಗುತ್ತಿತ್ತು. ಆಮೇಲೆ ಒಳಗಿನ ಕಬ್ಬಿಣ ಜಗ್ಗುತ್ತಿತ್ತು. ಕಾಂಕ್ರೀಟು ಸಿಪ್ಪೆ ಏಳುತ್ತಿತ್ತು. ರಿಂಗುಗಳು ದೂರ ದೂರ ಇದ್ದುದರಿಂದ ಬೇಗ ಬಿಚ್ಚಿಕೊಳ್ಳುತ್ತಿದ್ದವು. ಒಮ್ಮೆ ಆ ಕಡೆ ಬಾಗಿ ಬಂದ ಕಂಬ ಈ ಕಡೆ ಬಾಗುವಾಗ ಮೊದಲಿನಷ್ಟು ತಡೆಯುತ್ತಿರಲಿಲ್ಲ. ಕಾಗದದ ಮೇಲೆ ಅದರ ಶಕ್ತಿಯ ಗೆರೆ ಏರಿ, ಸ್ವಲ್ಪ ದೂರ ಸಾಗಿ, ಆಮೇಲೆ ಇಳಿಯುತ್ತಿತ್ತು.

ನಿಜವಾದ ಕಂಬ ಹೀಗೇ ಇರುತ್ತದೆ.

ಆದರೆ ಲೆಕ್ಕ ಮುಗಿಯಲಿಲ್ಲ. ಭೂಕಂಪದ ಅರ್ಧದಲ್ಲೇ ಸಾಫ್ಟ್‌ವೇರ್ ಕೈಚೆಲ್ಲಿತು. ತಳ್ಳುವ ಬಲ, ತಡೆಯುವ ಬಲ ಎರಡೂ ಸರಿದೂಗುತ್ತಿಲ್ಲ ಎಂಬ ಕೆಂಪು ಅಕ್ಷರ ಬಂತು.

ಮತ್ತೆ ಓಡಿಸಿದ. ಮತ್ತೆ ಅಲ್ಲೇ ಕೆಂಪು ಅಕ್ಷರ. ಊಟ ಬಿಟ್ಟು ಕೂತ. ಲ್ಯಾಪ್‌ಟಾಪಿನ ಜೊತೆ ಮಾತಾಡತೊಡಗಿದ. ಅದು ಒಳ್ಳೆಯ ಮಾತಾಗಿರಲಿಲ್ಲ.

ಸುಭದ್ರಕ್ಕ ಮಜ್ಜಿಗೆ ತಂದಿಟ್ಟರು. "ಏನಪ್ಪಾ ಧರಣಿ, ಏನಂತೆ ನಮ್ಮ ಮನೆ?"

"ಮನೆಯ ವಿಚಾರ ಗೊತ್ತಿಲ್ಲ, ಅಕ್ಕ. ಈ ದರಿದ್ರ ಲೆಕ್ಕ ಅರ್ಧಕ್ಕೇ ಕೈ ಕೊಡುತ್ತಿದೆ."

"ನಾನು ಮಕ್ಕಳನ್ನ ಮಲಗಿಸಬೇಕಾದ್ದು ಲೆಕ್ಕದ ಮೇಲಲ್ಲ. ಮಜ್ಜಿಗೆ ಕುಡಿದು ಬೇಗ ಹೇಳು."

ಅವರು ಹೋದ ಮೇಲೆ ಧರಣೇಂದ್ರ ಆ ಗೆರೆಯನ್ನು ಬಹಳ ಹೊತ್ತು ನೋಡಿದ. ಅದು ಇಳಿಯುವ ಕಡೆಯೇ ತೊಂದರೆ. ಇಳಿಯುವ ಭಾಗವನ್ನು ಅಳಿಸಿ ಮಟ್ಟಸವಾಗಿ ಎಳೆದ. ಈಗ ಕಂಬ ಎಷ್ಟು ಬಾಗಿದರೂ ಶಕ್ತಿ ಕಳೆದುಕೊಳ್ಳುತ್ತಿರಲಿಲ್ಲ.

ಲೆಕ್ಕ ನೀರು ಹರಿದಂತೆ ಕೊನೆಯವರೆಗೆ ಓಡಿತು.

ಬೆಳಗ್ಗೆ ಅವನು ಮೊದಲು ಸುಭದ್ರಕ್ಕನಿಗೆ, ಮನೆ ನಿಲ್ಲುತ್ತದೆ ಎಂದು ಹೇಳಿದ. ಆಮೇಲೆ ಗುರುಗಳ ಬಳಿ ಬಂದ. ಅಷ್ಟರಲ್ಲಿ ಅಂಗಳದಲ್ಲಿ ಹಾಸಿಗೆಗಳು ಬಿಸಿಲಿಗೆ ಬಿದ್ದಿದ್ದವು. ಸುಭದ್ರಕ್ಕ ಹಾಡಿಕೊಳ್ಳುತ್ತ ಧೂಳು ಕೊಡವುತ್ತಿದ್ದರು.

ಗುರುಗಳು ಗೆರೆಯನ್ನು ನೋಡಿದರು. ಅದು ಮಟ್ಟಸವಾದ ಜಾಗದ ಮೇಲೆ ಬೆರಳಿಟ್ಟರು. ಲ್ಯಾಪ್‌ಟಾಪ್ ಮುಚ್ಚಿ ಬದಿಗಿಟ್ಟರು.

"ಬಾ, ಚೌಕಾಬಾರ ಆಡೋಣ."

"ಈಗಲೇ?"

"ನಿನ್ನ ಕೆಲಸ ಮುಗಿಯಿತಲ್ಲ."

ಗುರುಗಳು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಮನೆಗಳನ್ನು ಎಳೆದರು. ಧರಣೇಂದ್ರನಿಗೆ ಹುಣಸೆ ಬೀಜ ಕೊಟ್ಟರು, ತಾವು ಹೆಂಚಿನ ಚೂರು ಇಟ್ಟುಕೊಂಡರು. ಕವಡೆ ಉರುಳಿದವು.

ಸ್ವಲ್ಪ ಹೊತ್ತಿನಲ್ಲೇ ಧರಣೇಂದ್ರನ ಬೀಜ ಗುರುಗಳ ಚೂರು ಕೂತ ಮನೆಗೆ ಬಂತು.

"ಕಡಿದೆ, ಗುರುಗಳೇ. ಎತ್ತಿ."

"ಎತ್ತುವುದಿಲ್ಲ."

"ಯಾಕೆ?"

"ನನ್ನ ಕಾಯಿ ಸಾಯುವುದಿಲ್ಲ. ಸತ್ತರೆ ಮತ್ತೆ ಮೊದಲಿನಿಂದ ಬರಬೇಕು. ನನಗೆ ಆಟ ಬೇಗ ಮುಗಿಯಬೇಕು."

ಗುರುಗಳು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಅವನು ನಕ್ಕ. ಇನ್ನೊಮ್ಮೆ ಕಡಿದ. ಗುರುಗಳು ಇನ್ನೊಮ್ಮೆ ಎತ್ತಲಿಲ್ಲ. ಅವನು ನಗುವುದನ್ನು ನಿಲ್ಲಿಸಿದ. ಮತ್ತೂ ಕಡಿದ. ಹೆಂಚಿನ ಚೂರು ಅವನ ಬೀಜವನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಯಿತು.

ಗುರುಗಳ ಕಾಯಿಗಳೆಲ್ಲ ನಡುಮನೆ ಸೇರಿ ಹಣ್ಣಾದವು.

"ಗೆದ್ದೆ," ಎಂದರು ಗುರುಗಳು. "ಹೋಗು, ಸುಭದ್ರನಿಗೆ ಹೇಳಿ ಬಾ. ಇದಕ್ಕೂ ಹಾಡಿಕೊಳ್ಳಲಿ."

ಧರಣೇಂದ್ರ ಕವಡೆಗಳನ್ನು ಕೆಳಗೆ ಹಾಕಿದ. "ಇದೆಂಥ ಆಟ, ಗುರುಗಳೇ? ನಿಮ್ಮ ಕಾಯಿ ಸಾಯಲೇಬಾರದು ಅಂತ ಮೊದಲೇ ಗೊತ್ತು ಮಾಡಿಕೊಂಡ ಮೇಲೆ ಆಡುವುದು ಯಾಕೆ? ಯಾರು ಗೆದ್ದರು ಅಂತ ಕೇಳುವುದೂ ದಂಡ."

ಗುರುಗಳು ಲ್ಯಾಪ್‌ಟಾಪ್ ತೆರೆದು ಅವನ ಕಡೆ ತಿರುಗಿಸಿಟ್ಟರು. ಎದ್ದು ಸ್ನಾನಕ್ಕೆ ಹೋದರು.

ಧರಣೇಂದ್ರ ತಾನು ಮಟ್ಟಸ ಮಾಡಿದ ಗೆರೆಯನ್ನು ಮತ್ತೆ ನೋಡಿದ. ಆಮೇಲೆ ಅಂಗಳಕ್ಕೆ ಹೋಗಿ, ಹಾಸಿಗೆಗಳನ್ನು ಮೇಲಕ್ಕೆ ಒಯ್ಯಬೇಡಿ ಎಂದ.

ಸುಭದ್ರಕ್ಕ ಕೋಲು ಕೆಳಗಿಟ್ಟರು. "ಬೆಳಗ್ಗೆ ನಿಲ್ಲುತ್ತೆ ಅಂದೆ. ಈಗ ಬೇಡ ಅಂತೀಯ. ಮನೆ ಇದ್ದಲ್ಲೇ ಇದೆಯಲ್ಲ, ಬದಲಾದದ್ದು ಯಾವುದು?"



ಮರುದಿನ ಅವನು ಗುರುಗಳ ಮುಂದೆ ಬಂದು ಕೈಕಟ್ಟಿ ನಿಂತ.

"ಗೆರೆಯನ್ನು ಮೊದಲಿನಂತೆ ಇಳಿಸಿದೆ. ಲೆಕ್ಕ ಅರ್ಧಕ್ಕೇ ಮುರಿಯಿತು. ಅಂದರೆ ಮನೆ ಬೀಳುತ್ತದೆ. ಅಕ್ಕನಿಗೆ ಹಾಗೇ ಹೇಳಿಬಿಡುತ್ತೇನೆ."

"ಮುರಿದದ್ದು ಕಂಬವೋ, ನಿನ್ನ ಲೆಕ್ಕವೋ?"

"ಎರಡೂ ಒಂದೇ ಅಲ್ಲವೇ?"

ಗುರುಗಳು ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡರು. ಸ್ವಲ್ಪ ಹೊತ್ತು ಪಂಚೆಯನ್ನು ಮುಖದ ಮೇಲೇ ಇಟ್ಟುಕೊಂಡಿದ್ದರು.

"ನಿನ್ನೆ ಲೆಕ್ಕ ಮುಗಿಯಿತು, ಅದಕ್ಕೆ ಮನೆ ಉಳಿಯಿತು ಅಂದೆ. ಇವತ್ತು ಲೆಕ್ಕ ಮುಗಿಯಲಿಲ್ಲ, ಅದಕ್ಕೆ ಮನೆ ಬಿತ್ತು ಅಂತೀಯ. ನೀನು ಮನೆಯನ್ನು ನೋಡುವುದು ಯಾವತ್ತು?"

"ನನಗೆ ತಿಳಿಯುತ್ತಿಲ್ಲ. ಇಲ್ಲಿಗೆ ಬಂದದ್ದೇ ತಪ್ಪಾಯಿತೇನೋ."

"ನಾನೂ ಅದನ್ನೇ ಯೋಚಿಸುತ್ತಿದ್ದೆ. ಹೋಗು, ಕೂತು ನೋಡು."

ಅವನು ಹೋಗಿ ಕೂತ.

ಅಲುಗಾಟವನ್ನು ಇನ್ನೂ ಸಣ್ಣ ಸಣ್ಣ ಕ್ಷಣಗಳಾಗಿ ಸೀಳಿದ. ಆಗ ಲೆಕ್ಕ ತಾನು ಮೊದಲು ಸೋತ ಜಾಗವನ್ನು ದಾಟಿ ಮುಂದೆ ಹೋಯಿತು. ಅಲ್ಲಿ ಯಾವ ಕಂಬವೂ ಮುರಿದಿರಲಿಲ್ಲ. ಅವನ ಲೆಕ್ಕ ದೊಡ್ಡ ಹೆಜ್ಜೆ ಹಾಕಿ ಎಡವಿತ್ತು, ಅಷ್ಟೇ. ಗುರುಗಳ ಮುಂದೆ ಅದನ್ನೇ ಮನೆಯ ತಲೆಗೆ ಕಟ್ಟಲು ಹೊರಟಿದ್ದ.

ಇನ್ನಷ್ಟು ಮುಂದೆ ಹೋಗಿ ಲೆಕ್ಕ ಮತ್ತೆ ಸೋತಿತು. ಕ್ಷಣಗಳನ್ನು ಮತ್ತೂ ಸಣ್ಣದಾಗಿ ಸೀಳಿದ. ಅಲ್ಲೇ ಸೋತಿತು. ಇನ್ನೂ ಸಣ್ಣದು ಮಾಡಿದ. ಅಲ್ಲೇ.

ಈಗ ಅವನು ಕೆಂಪು ಅಕ್ಷರಗಳನ್ನು ಬಿಟ್ಟು, ಅವುಗಳ ಹಿಂದಿನ ಕ್ಷಣದಲ್ಲಿ ಒಂದೊಂದು ಕಂಬವೂ ಏನು ಮಾಡುತ್ತಿತ್ತು ಎಂದು ನೋಡತೊಡಗಿದ.

ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಒಂದು ಕಂಬ. ಮೆಟ್ಟಿಲು ತಿರುಗುವ ಕಡೆಯ ಕಟ್ಟೆ ಅದನ್ನು ನಡುವಿನಲ್ಲಿ ಹಿಡಿದುಕೊಂಡಿತ್ತು. ಉಳಿದವು ಪೂರ್ತಿ ಎತ್ತರಕ್ಕೆ ಬಾಗಿದರೆ ಅದಕ್ಕೆ ಬಾಗಲು ಅರ್ಧ ಎತ್ತರ ಮಾತ್ರ. ಮೊದಲು ಅದೇ ಮುರಿಯುತ್ತಿತ್ತು. ಅದು ಹೊತ್ತ ಭಾರ ಪಕ್ಕದ ಎರಡು ಕಂಬಗಳ ಮೇಲೆ ಬೀಳುತ್ತಿತ್ತು. ಅಷ್ಟರಲ್ಲಿ ಮನೆ ಅದೇ ಕಡೆಗೆ ವಾಲುತ್ತಿತ್ತು.

ಅಲ್ಲಿಂದ ಮುಂದೆ ಎಲ್ಲವೂ ಒಂದು ಸಂಖ್ಯೆಯ ಮೇಲೆ ನಿಂತಿತ್ತು: ಮುರಿದ ಕಂಬ ಮುರಿದ ಮೇಲೂ ಎಷ್ಟು ಹೊರುತ್ತದೆ? ಅವನು ಅದನ್ನು ಅಂದಾಜಿನಲ್ಲಿ ಬರೆದಿದ್ದ. ಸ್ವಲ್ಪ ಹೆಚ್ಚು ಬರೆದರೆ ಪಕ್ಕದ ಕಂಬಗಳು ತಡೆದುಕೊಂಡು, ಮನೆ ಕುಂಟುತ್ತ ಭೂಕಂಪವನ್ನು ದಾಟುತ್ತಿತ್ತು. ಸ್ವಲ್ಪ ಕಡಿಮೆ ಬರೆದರೆ ಒಂದರ ಹಿಂದೆ ಒಂದು ಹೋಗುತ್ತಿದ್ದವು.

ಅವನು ಗುರುಗಳ ಬಳಿಗೆ ಓಡಿದ.

"ಈ ಒಂದು ಸಂಖ್ಯೆ ಹೇಳಿ, ಗುರುಗಳೇ. ಪುಸ್ತಕ ಇಷ್ಟರಿಂದ ಇಷ್ಟರವರೆಗೆ ಅನ್ನುತ್ತದೆ. ನಾನು ಯಾವುದನ್ನು ಹಿಡಿಯಲಿ?"

"ನಾನು ಹೇಳಿದರೆ ಕಂಬ ಕೇಳುತ್ತದೆಯೇ?"

"ಇಷ್ಟು ವರ್ಷ ಕಲಿಸಿದ್ದೀರಿ."

"ಕಂಬಗಳು ಯಾವತ್ತೂ ನನ್ನ ತರಗತಿಗೆ ಬರಲಿಲ್ಲ."

"ಒಗಟು ಸಾಕು, ಗುರುಗಳೇ. ಅಕ್ಕ ಕಾಯುತ್ತಿದ್ದಾರೆ."

"ಒಗಟಲ್ಲ ಮಾರಾಯ. ಆ ಸಂಖ್ಯೆ ನನಗೆ ಗೊತ್ತಿಲ್ಲ."

ಗೇಟಿನ ಬಳಿ ವ್ಯಾನಿನ ಹಾರ್ನ್ ಕೇಳಿಸಿತು. ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಮಕ್ಕಳು ಬಂದುಬಿಟ್ಟಿದ್ದರು. ಟ್ರಂಕುಗಳು ಇಳಿಯುತ್ತಿದ್ದವು. ಸುಭದ್ರಕ್ಕ ಬೀಗದ ಕೈಗೊಂಚಲು ಹಿಡಿದು ಬೇಗ ಬೇಗ ಬಂದರು.

"ಧರಣಿ, ಇನ್ನು ನಿನ್ನ ಗೆರೆ ಗಿರೆ ನನಗೆ ಬೇಡ. ಮೇಲೆ ಮಲಗಿಸಲೋ ಬೇಡವೋ? ಬೇಡ ಅಂದರೆ ಇರೋದು ಪ್ರಾರ್ಥನೆ ಹಜಾರ ಒಂದೇ. ಒಂದು ಕಡೆ ಗೋಡೆಯೇ ಇಲ್ಲ. ನದಿ ಗಾಳಿ ನೇರ ಒಳಗೆ ಬರುತ್ತೆ. ಚಂಪಾಗೆ ಮೊದಲೇ ದಮ್ಮು. ಅದನ್ನೆಲ್ಲ ಯೋಚನೆ ಮಾಡಿ ಹೇಳು."

ಧರಣೇಂದ್ರ ಗುರುಗಳ ಮುಖ ನೋಡಿದ. ಗುರುಗಳು ನದಿಯನ್ನು ನೋಡುತ್ತಿದ್ದರು.

ನಿಲ್ಲುತ್ತದೆ ಎಂದುಬಿಡಬಹುದಿತ್ತು. ಪುಸ್ತಕದ ಸಂಖ್ಯೆಗಳಲ್ಲಿ ದೊಡ್ಡದನ್ನು ಹಿಡಿದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗಿ ಚೀಲ ಎಸೆದು ಮೆಟ್ಟಿಲ ಕಡೆ ಓಡಿದಳು. "ಕಿಟಕಿ ಪಕ್ಕದ್ದು ನನ್ನದು," ಎನ್ನುತ್ತ ಮೂಲೆಯ ಕಂಬವನ್ನು ಕೈಯಲ್ಲಿ ಹಿಡಿದು ಗಿರಕ್ಕನೆ ತಿರುಗಿ ಮೊದಲ ಮೆಟ್ಟಿಲು ಹತ್ತಿದಳು.

"ಇಳಿ, ಮಗಾ," ಎಂದ ಧರಣೇಂದ್ರ. ತನ್ನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಅವಳು ಇಳಿದು, ತಾನೇನು ತಪ್ಪು ಮಾಡಿದೆ ಎಂಬಂತೆ ನೋಡುತ್ತ ನಿಂತಳು.

"ಮೇಲೆ ಬೇಡ, ಅಕ್ಕ."

"ಬೀಳುತ್ತೆ ಅಂತ ಗೊತ್ತಾಯಿತಾ?"

"ಇಲ್ಲ."

"ಮತ್ತೆ? ನಿಲ್ಲುತ್ತೆ ಅಂತಲಾ?"

"ಅದೂ ಗೊತ್ತಿಲ್ಲ."

"ಊಟ ತಿಂಡಿ ಬಿಟ್ಟು ಕೂತು ನೀನು ಕಂಡುಹಿಡಿದದ್ದು ಗೊತ್ತಿಲ್ಲ ಅನ್ನೋದನ್ನಾ? ಅದನ್ನ ನಾನೇ ನಿನಗೆ ಮೊದಲ ದಿನ ಹೇಳುತ್ತಿದ್ದೆನಲ್ಲ."

"ಎಲ್ಲಿಯವರೆಗೆ ಗೊತ್ತು ಅನ್ನೋದು ಗೊತ್ತಾಗಿದೆ, ಅಕ್ಕ. ಆ ಮೂಲೆ ಕಂಬ ಮುರಿಯುತ್ತದೆ. ಅದು ಮುರಿದ ಮೇಲೆ ಪಕ್ಕದವು ಹೊರುತ್ತವೋ ಇಲ್ಲವೋ ಹೇಳಲಾರೆ. ಆ ಕಂಬಗಳಿಗೆ ಹೊರಗಿನಿಂದ ಕಬ್ಬಿಣ ಸುತ್ತಿ ಕಾಂಕ್ರೀಟು ಹಾಕಿಸೋಣ. ಅಲ್ಲಿಯವರೆಗೆ ಮಕ್ಕಳು ಮೇಲೆ ಮಲಗುವುದು ಬೇಡ. ಕೆಳಗೆ ಊಟಕ್ಕೂ ಕೂರುವುದು ಬೇಡ."

ಸುಭದ್ರಕ್ಕ ತಲೆಯೆತ್ತಿದರು. ಮಹಡಿಯ ಕಿಟಕಿಗಳನ್ನು ಒಂದೊಂದಾಗಿ ನೋಡಿದರು. ಯಾವ ಕಿಟಕಿಯ ಕೆಳಗೆ ಯಾವ ಮಗು ಮಲಗುತ್ತದೆ ಎಂಬುದು ಅವರಿಗೆ ಮಾತ್ರ ಗೊತ್ತಿತ್ತು.

"ಹಜಾರಕ್ಕೆ ಇವತ್ತೇ ಬಿದಿರ ತಟ್ಟಿ ಕಟ್ಟಿಸು," ಎಂದರು ಕೊನೆಗೆ. "ಚಂಪಾಗೆ ಕೆಮ್ಮು ಹತ್ತಿದರೆ ನಿನ್ನ ಬಾಗಿಲನ್ನೇ ಬಡಿಯುತ್ತೇನೆ."

"ಬಡಿಯಿರಿ, ಅಕ್ಕ."

ಮಕ್ಕಳನ್ನು ಹಜಾರದಲ್ಲಿ ಕೂರಿಸಿ ಅವಲಕ್ಕಿ ಕೊಟ್ಟರು. ದೊಡ್ಡವರು ಮಹಡಿಯಿಂದ ಸಾಮಾನು ಇಳಿಸತೊಡಗಿದರು. ಗುರುಗಳೂ ಪಂಚೆ ಎತ್ತಿ ಕಟ್ಟಿ ಬಂದರು. ಬೇಡವೆಂದರೂ ಕೇಳದೆ ಒಂದು ಕಬ್ಬಿಣದ ಮಂಚದ ಕೆಳತುದಿ ಹಿಡಿದರು. ಮೇಲ್ತುದಿಯನ್ನು ಧರಣೇಂದ್ರ ಹಿಡಿದ. ಇಬ್ಬರೂ ಮೆಟ್ಟಿಲು ಇಳಿಯತೊಡಗಿದರು.

ತಿರುವಿನಲ್ಲಿ ಧರಣೇಂದ್ರ ನಿಂತ.

"ಗುರುಗಳೇ, ಒಂದು ಮಾತು. ಇಷ್ಟೆಲ್ಲ ಆದ ಮೇಲೂ ನನ್ನ ಲೆಕ್ಕ ಮುಗಿದಿಲ್ಲ. ಅಕ್ಕನಿಗೆ ನಾನು ಕೊಟ್ಟದ್ದು ಉತ್ತರವೇ ಹೌದೋ ಅಲ್ಲವೋ ತಿಳಿಯುತ್ತಿಲ್ಲ. ನಾಳೆ ಯಾರಾದರೂ ಬಂದು, ಸುಮ್ಮನೆ ಮಕ್ಕಳನ್ನು ಗಾಳಿಗೆ ಹಾಕಿದೆ ಅಂದರೆ ನಾನು ಏನು ಹೇಳಲಿ?"

ಕೇಳುತ್ತ ಕೇಳುತ್ತ ಅವನು ಮಂಚದಿಂದ ಒಂದು ಕೈ ಬಿಟ್ಟು ಮಾತಿನ ಜೊತೆ ಆಡಿಸಿದ.

ಮಂಚ ವಾಲಿತು. ಗುರುಗಳು ಮೂಲೆಯ ಕಂಬಕ್ಕೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ನಿಂತರು.

"ಧರಣಿ, ಮೊದಲು ನಿನ್ನ ಕಡೆ ಹಿಡಿ. ನೀನು ಬಿಟ್ಟದ್ದೆಲ್ಲ ಈಗ ನನ್ನ ಮೇಲೆ ಬಂದಿದೆ."