ದೃಷ್ಟಿ ಕುಂಬಳಕಾಯಿ

ಎಲ್ಲರ ಮಾತೂ ಕೇಳಿಸಿಕೊಂಡು ಯಾರ ಗುಟ್ಟನ್ನೂ ಹೊರಗೆಡಹದ ಪರಮಾತ್ಮನಿಗೆ ಮೊದಲು ಕೈಮುಗಿಯುತ್ತೇನೆ.

ಬಿಸಿಯೂಟದ ಅಡುಗೆಯವರ ಮುಂದಾಳು ನೀಲವ್ವ ಕೋರ್ಟಿನಲ್ಲಿ ನಿಂತಿದ್ದಳು. ಬಿಸಿಯೂಟದ ಖಾತೆಯ ಸಚಿವರು ಕಾನೂನಿನ ಅಪ್ಪಣೆಯಿಲ್ಲದೆ ತನ್ನ ಫೋನಿನ ಮಾತು ಕದ್ದು ಕೇಳುತ್ತಿದ್ದಾರೆ ಎಂಬುದು ಅವಳ ದೂರು. ಅಂದು ಸಾಕ್ಷಿ ಸಿಗದಿದ್ದರೆ ದೂರು ವಜಾ ಆಗುತ್ತಿತ್ತು.

"ಈಕೆಯ ಒಂದು ಮಾತೂ ನನ್ನ ಕಿವಿಗೆ ಬಿದ್ದಿಲ್ಲ," ಎಂದರು ಸಚಿವರು, ಶಾಲು ಸರಿಮಾಡಿಕೊಳ್ಳುತ್ತ.

"ಫೋನಿನಲ್ಲಿ ಏನು ಮಾತಾಡಿದ್ದೆಯಮ್ಮ?" ನ್ಯಾಯಾಧೀಶರು ಕೇಳಿದರು.

ನೀಲವ್ವ ಮನಸ್ಸಿನಲ್ಲೇ ದೇವರನ್ನು ನೆನೆದಳು. "ಸಾಹೇಬ್ರು ಥೇಟ್ ದೇವೇಂದ್ರ ಇದ್ದಂಗ ಅದಾರ ಅಂತ ನಮ್ಮ ಅಕ್ಕನ ಮುಂದ ಅಂದಿರಬೇಕ್ರಿ."

ಸಚಿವರ ಮುಖ ಕೆಂಪೇರಿತು. "ಸುಳ್ಳು ಸ್ವಾಮಿ. ಮೀಸೆ ಬರೆದು ಬಾಗಿಲಿಗೆ ತೂಗುಹಾಕಿದ ದೃಷ್ಟಿ ಕುಂಬಳಕಾಯಿ ಅಂದಳು. ಅಕ್ಕತಂಗಿ ಇಬ್ಬರೂ ಕಿಸಕಿಸ ನಕ್ಕರು."

ಅವರ ವಕೀಲರು ತಲೆಯ ಮೇಲೆ ಕೈಹೊತ್ತು ಕುಳಿತರು.

"ಖರೇ ಅದರಿ," ಎಂದಳು ನೀಲವ್ವ. "ಈಗ ನೆನಪಾತು, ಹಂಗ ಅಂದಿದ್ದೆ. ಆದ್ರ ಅಕ್ಕನ ಬಿಟ್ಟು ಯಾರಿಗೂ ಅಂದಿಲ್ಲ. ಅದೂ ಫೋನಿನ್ಯಾಗ."

ನ್ಯಾಯಾಧೀಶರು ಬಂದ ನಗು ತಡೆದುಕೊಂಡು, ಸಚಿವರ ಮೇಲೆ ಮೊಕದ್ದಮೆ ಹೂಡಲು ಆಜ್ಞೆ ಮಾಡಿದರು. ಅಂದು ಹೊರಗೆ ಅಡುಗೆಯವರೆಲ್ಲ ಹೋಳಿಗೆ ಹಂಚಿದರು.

ಈ ಕಥೆ ಕೇಳಿದವರಿಗೆಲ್ಲ ದೇವರು ಒಳ್ಳೆಯದು ಮಾಡಲಿ. ಕದ್ದು ಕೇಳಿದವರಿಗೆ ಒಳ್ಳೆಯ ಬುದ್ಧಿ ಕೊಡಲಿ.